100 ಗಜಕ್ಕೆ 5 ಇಂಚು: ಹಳೇ ವಿಂಚೆಸ್ಟರ್ 94 ಇಷ್ಟೇನಾ, ಅಥವಾ ನಾನೇ ತಪ್ಪು ಮಾಡುತ್ತಿದ್ದೇನಾ?

ಹಾಸನದವನು_ಪೆನ್ಸಿಲ್ವೇನಿಯಾ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಪೆನ್ಸಿಲ್ವೇನಿಯಾಕ್ಕೆ ಬಂದು 14 ವರ್ಷ ಆಯಿತು. ಪಕ್ಕದ ಮನೆಯ ಅಜ್ಜ ಹೋದ ವರ್ಷ ತೀರಿಕೊಂಡರು. ನನಗೆ ಬೇಟೆ ಕಲಿಸಿದ್ದು ಅವರೇ. ಕಳೆದ ತಿಂಗಳು ಅವರ ಹೆಂಡತಿ ಕರೆದು, "ಅವರ ಕೊನೆಯ ವರ್ಷಗಳಲ್ಲಿ ಜೊತೆಗೆ ಕಾಡಿಗೆ ಹೋದವನು ನೀನೊಬ್ಬನೇ, ಇದು ನಿನ್ನ ಹತ್ತಿರ ಇರಲಿ" ಎಂದು ಅವರ ಕೋವಿ ಕೊಟ್ಟರು. ವಿಂಚೆಸ್ಟರ್ 94, ಅಂದರೆ ಟ್ರಿಗರ್ ಸುತ್ತಿನ ಹಿಡಿ (ಲಿವರ್) ಕೆಳಗೆಳೆದು ತೋಟಾ ತುಂಬುವ ಕೋವಿ, .30-30 ಅಳತೆಯ ತೋಟಾದ್ದು. ನಂಬರ್ ನೋಡಿದರೆ 1950ರ ದಶಕದ್ದು. ಲಿವರ್ ಮುಂದಿನ ಜಾಗದಲ್ಲಿ, ಒಂದೇ ಕೈಯಲ್ಲಿ ಹಿಡಿದು ನಡೆಯುವಾಗ ಅಂಗೈ ಕೂರುತ್ತದಲ್ಲ, ಅಲ್ಲಿ ಕಪ್ಪು ಬಣ್ಣ ಪೂರ್ತಿ ಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅಷ್ಟು ವರ್ಷ ಹಿಡಿದ ಕೈ ಅದು.

ಭಾನುವಾರ ರೇಂಜಿಗೆ ತೆಗೆದುಕೊಂಡು ಹೋದೆ. ನಳಿಗೆಯನ್ನು ಮರಳುಚೀಲದ ಮೇಲಿಟ್ಟು 100 ಗಜಕ್ಕೆ ಐದು ಈಡು ಹೊಡೆದೆ, ಒಂದರ ಹಿಂದೆ ಒಂದು. ಮೊದಲ ಎರಡು ತೂತು ಹತ್ತಿರ ಹತ್ತಿರ. ಮೂರನೆಯದು ಮೇಲೆ. ನಾಲ್ಕು, ಐದು ಇನ್ನೂ ಮೇಲೆ. ಒಟ್ಟು 5 ಇಂಚು ಹರಡಿತ್ತು. ಪಕ್ಕದಲ್ಲಿ ನನ್ನ ಸಹೋದ್ಯೋಗಿ ಬೋಲ್ಟ್ ಆಕ್ಷನ್ (ಪಕ್ಕದ ಹಿಡಿ ಎಳೆದು ತೋಟಾ ತುಂಬುವ) .308ರಲ್ಲಿ ಒಂದೇ ಇಂಚಿನೊಳಗೆ ಮೂರು ಗುಂಡು ಇಟ್ಟ. "ಇದನ್ನು ಗೋಡೆಗೆ ಹಾಕು, ಬೇರೆ ತಗೋ" ಅಂದ.

ನನಗೆ ಮನಸ್ಸು ಒಪ್ಪುತ್ತಿಲ್ಲ. ಈ ಹಳೇ ಲಿವರ್ ಕೋವಿಗಳ ಗುರಿ ನಿಜವಾಗಿಯೂ ಇಷ್ಟೇನಾ? ಹಾಗಿದ್ದರೆ ಜನ ನೂರಿಪ್ಪತ್ತು ವರ್ಷದಿಂದ ಇದನ್ನೇ ಹಿಡಿದುಕೊಂಡು ಯಾಕೆ ಕಾಡಿಗೆ ಹೋಗುತ್ತಿದ್ದಾರೆ?

ಮೊಂಟಾನಾ_ಮಲ್ನಾಡ್
ಗೋಡೆಗೆ ಹಾಕಬೇಡಿ. ದಯವಿಟ್ಟು.

ಲೇಥ್‌ಮೇಷ್ಟ್ರು
ಪೀಣ್ಯದ ಟೂಲ್‌ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ಈಗ ಮಗಳ ಮನೆ ಒಹಾಯೋದಲ್ಲಿ. ಅಳಿಯನ ಹತ್ತಿರ ಎರಡು ಲಿವರ್ ಕೋವಿ ಇವೆ, ಎರಡನ್ನೂ ಬಿಚ್ಚಿ ನೋಡಿದ್ದೇನೆ. ಹಾಗಾಗಿ ಕಬ್ಬಿಣದ ಕಡೆಯಿಂದ ಹೇಳುತ್ತೇನೆ.

ನಿಮ್ಮ ಮೊದಲ ಎರಡು ಗುಂಡು ಹತ್ತಿರ ಬಿದ್ದವು ಅಂದಿರಿ. ಉತ್ತರ ಅಲ್ಲೇ ಇದೆ. ಬೋಲ್ಟ್ ಕೋವಿಯ ಮರ ಹಿಂದಿನಿಂದ ಮುಂದಿನವರೆಗೆ ಒಂದೇ ತುಂಡು, ನಳಿಗೆ ಅದರ ಮೇಲೆ ಹೆಚ್ಚುಕಮ್ಮಿ ಸ್ವತಂತ್ರವಾಗಿ ಇರುತ್ತದೆ. 94ರಲ್ಲಿ ಮರ ಎರಡು ತುಂಡು. ನಳಿಗೆಯ ಕೆಳಗೆ ತೋಟಾ ತುಂಬುವ ಕೊಳವೆ. ಎರಡನ್ನೂ ಸೇರಿಸಿ ಎರಡು ಕಡೆ ಕಬ್ಬಿಣದ ಪಟ್ಟಿ ಬಿಗಿದಿರುತ್ತಾರೆ. ಈಡು ಹೊಡೆದಾಗ ನಳಿಗೆ ಕಾಯುತ್ತದೆ, ಉದ್ದವಾಗುತ್ತದೆ. ಕೊಳವೆ ಅಷ್ಟು ಕಾಯುವುದಿಲ್ಲ. ಒಂದು ಬೆಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಆಗ ನಳಿಗೆ ಕೂದಲೆಳೆಯಷ್ಟು ಬಾಗುತ್ತದೆ. ಯಾವ ಕಡೆಗೆ ಅನ್ನುವುದು ಕೋವಿಯಿಂದ ಕೋವಿಗೆ ಬೇರೆ. ನಿಮ್ಮದರಲ್ಲಿ ಮೇಲಕ್ಕೆ.

ಇನ್ನೊಂದು, ನಳಿಗೆಯನ್ನು ನೇರ ಮರಳುಚೀಲದ ಮೇಲೆ ಇಡಲೇಬಾರದು. ಮುಂದಿನ ಮರವನ್ನು ಅಂಗೈಯಲ್ಲಿ ಹಿಡಿದು, ಆ ಕೈಯನ್ನು ಚೀಲದ ಮೇಲಿಡಿ. ಪಟ್ಟಿಗಳ ಸ್ಕ್ರೂ ಸಡಿಲ ಇದೆಯಾ ನೋಡಿ. ಒಂದು ಈಡಿಗೂ ಇನ್ನೊಂದಕ್ಕೂ ಹತ್ತು ನಿಮಿಷ ಬಿಡಿ. ಆಮೇಲೆ ಮಾತಾಡೋಣ.

ಸ್ಯಾವೇಜ್99
ಮೇಷ್ಟ್ರು ಹೇಳಿದ್ದು ಸರಿ. ಆದರೆ ಸಮಸ್ಯೆ ಕೊಳವೆಯದ್ದು ಅಂದರೆ ಕೊಳವೆ ಇಲ್ಲದ ಲಿವರ್ ಕೋವಿ ಇದೆ ಅಲ್ವಾ! ಸ್ಯಾವೇಜ್ 99. ಆರ್ಥರ್ ಸ್ಯಾವೇಜ್ ಹುಟ್ಟಿದ್ದು ಜಮೈಕಾದಲ್ಲಿ, ಕಾರ್ಖಾನೆ ಹಾಕಿದ್ದು ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ. 1899ರಲ್ಲೇ ಆತ ತೋಟಾಗಳನ್ನು ಒಳಗೆ ಸುತ್ತುವ ಚಕ್ರದಲ್ಲಿ ಕೂರಿಸಿದ. ಹಾಗಾಗಿ ಚೂಪು ಮೂತಿಯ ಗುಂಡು ಹಾಕಬಹುದು. ಎಡಬದಿಯ ಪುಟ್ಟ ಕಿಂಡಿಯಲ್ಲಿ ಎಷ್ಟು ತೋಟಾ ಉಳಿದಿದೆ ಅಂತ ಅಂಕಿ ಕಾಣುತ್ತದೆ. ನನ್ನದು .300 ಸ್ಯಾವೇಜ್, 100 ಗಜಕ್ಕೆ ಒಂದೂವರೆ ಇಂಚು. ಲಿವರ್ ಅಂದರೆ ಗುರಿ ಇಲ್ಲ ಅನ್ನುವವರು ಇದನ್ನು ಹಿಡಿದು ನೋಡಿರುವುದಿಲ್ಲ.

ಡಲ್ಲಾಸ್_ದಿನಗಳು
ಚೂಪು ಮೂತಿ ಹಾಕಿದರೆ ಏನಾಗುತ್ತೆ? ಅರ್ಥ ಆಗಲಿಲ್ಲ.

ಸ್ಯಾವೇಜ್99
ಕೊಳವೆಯಲ್ಲಿ ತೋಟಾಗಳು ಸಾಲಾಗಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ (ಬಡಿದರೆ ಮದ್ದು ಹೊತ್ತಿಸುವ ಹಿಂಬದಿಯ ಬಿಲ್ಲೆಗೆ) ತಾಗಿರುತ್ತದೆ. ಮೂತಿ ಚೂಪಾಗಿ ಗಟ್ಟಿಯಾಗಿದ್ದರೆ, ಕೋವಿ ಒದೆದಾಗ ಕೇಪಿಗೆ ಕುಟ್ಟಿ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ .30-30ಗೆ ಚಪ್ಪಟೆ ಮೂತಿ. ಚಪ್ಪಟೆ ಮೂತಿ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಈಗ ತೋಟಾ ಕಂಪನಿ ಹಾರ್ನಡಿಯವರು ಮೆತ್ತನೆ ರಬ್ಬರಿನಂಥ ತುದಿಯ ಗುಂಡು ಮಾಡಿದ್ದಾರೆ, ಅದನ್ನು ಕೊಳವೆಗೆ ಹಾಕಬಹುದು.

ಹಳೇಗುರಿ
ಒಂದೂವರೆ, ಎರಡು, ಮೂರು... ಈ ಇಂಚಿನ ಲೆಕ್ಕದಿಂದಲೇ ಎಲ್ಲ ಹಾಳಾಗಿದ್ದು. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚಿನ ತಟ್ಟೆಯಷ್ಟು. ಪೆನ್ಸಿಲ್ವೇನಿಯಾದ ಓಕ್ ಕಾಡಿನಲ್ಲಿ 60 ಗಜಕ್ಕಿಂತ ಆಚೆ ಎಷ್ಟು ಸಲ ಕಾಣುತ್ತದೆ? ಆ ದೂರಕ್ಕೆ 3 ಇಂಚಿನ ಕೋವಿ 2 ಇಂಚೂ ಹರಡುವುದಿಲ್ಲ. ಬೆಂಚಿನ ಮೇಲೆ ಕೂತು ಒಂದು ಇಂಚು ಹೊಡೆಯುವವನು ಕಾಡಿನಲ್ಲಿ ನಿಂತು, ಏದುಸಿರು ಬಿಡುತ್ತಾ 60 ಗಜಕ್ಕೆ ಎಷ್ಟು ಹೊಡೆಯುತ್ತಾನೆ? ಅದನ್ನು ಅಳೆಯಲಿ ಮೊದಲು.

ಮೊಂಟಾನಾ_ಮಲ್ನಾಡ್
ನಿಮ್ಮ ಕಾಡಿಗೆ ಸರಿ. ನಮ್ಮ ಕಡೆ ಬಯಲು, 250 ಗಜ ಮಾಮೂಲು. ಇಲ್ಲಿ .30-30 ಹಿಡಿದು ದೂರಕ್ಕೆ ಹೊಡೆದರೆ ಪ್ರಾಣಿಗೆ ಗಾಯ ಮಾಡಿ ಕಳುಹಿಸಿದ ಹಾಗೆ. 100 ಗಜಕ್ಕೆ ಸೈಟ್ (ಗುರಿ ನೋಡುವ ಕಚ್ಚು) ಕೂರಿಸಿದರೆ 200ಕ್ಕೆ ಗುಂಡು ಸುಮಾರು 7-8 ಇಂಚು ಕೆಳಗೆ ಬೀಳುತ್ತದೆ. ನನಗೂ 94 ಅಂದರೆ ಪ್ರಾಣ. ಆದರೆ ಬಯಲಿಗೆ ಬೋಲ್ಟ್, ಹಳ್ಳದ ಪೊದೆಗಳಿಗೆ 94. ಪ್ರೀತಿ ಇದೆ ಅಂತ ದೂರದ ಲೆಕ್ಕ ಮರೆಯಬಾರದು.

ಹಳೇಗುರಿ
ಇದನ್ನು ಒಪ್ಪುತ್ತೇನೆ. 150 ಗಜದಾಚೆ ನಾನೂ ಹೊಡೆಯುವುದಿಲ್ಲ.

ಕಾಫಿಕಣಿವೆ
ಮಡಿಕೇರಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಲಿವರ್ ಕೋವಿ ತೀರಾ ಅಪರೂಪ. ಅಜ್ಜನ ಕಾಲದ್ದು ಕೇಪಿನ ಕೋವಿ, ಅಪ್ಪನದು ಜೋಡಿ ನಳಿಗೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಆದೇಶ 2029ರ ಅಕ್ಟೋಬರ್‌ವರೆಗೆ. ಬೇಟೆ ಮಾತ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮುಗಿದ ಅಧ್ಯಾಯ, ಅದು ಮುಗಿದದ್ದೇ ಒಳ್ಳೆಯದು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಇಟ್ಟು ಪೂಜೆ ಮಾಡಿ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುತ್ತೇವೆ.

ಹಾಸನದವರೇ, ನೀವು ಬರೆದ ಆ ಬೆಳ್ಳಿ ಬಣ್ಣದ ಜಾಗ ಓದಿ ನಮ್ಮ ಅಜ್ಜನ ಕೋವಿ ನೆನಪಾಯಿತು. ಅದರ ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಮೇಲೆ ಹೆಬ್ಬೆರಳು ಕೂರುವ ಕಡೆ ಗೀರೆಲ್ಲ ಸವೆದು ನುಣ್ಣಗಾಗಿದೆ. ಅದಕ್ಕೆ ಹೊಸದಾಗಿ ಬಣ್ಣ ಹಾಕಿಸಬೇಡಿ. ಯಾರು ಏನೇ ಹೇಳಲಿ.

ಹಾಸನದವನು_ಪೆನ್ಸಿಲ್ವೇನಿಯಾ
ಖಂಡಿತ ಹಾಕಿಸುವುದಿಲ್ಲ. ಎಲ್ಲರಿಗೂ ಧನ್ಯವಾದ. ನಳಿಗೆ ಚೀಲದ ಮೇಲಿಟ್ಟಿದ್ದು ತಪ್ಪು ಅಂತ ಗೊತ್ತೇ ಇರಲಿಲ್ಲ.

ಬೆಂಗಳೂರು_ಕಂಟೋನ್ಮೆಂಟ್
ಕರ್ನಾಟಕಕ್ಕೂ ಲಿವರ್ ಕೋವಿಗೂ ನಂಟಿಲ್ಲ ಅನ್ನಬೇಡಿ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋಗುವಾಗ ಹಿಡಿದಿದ್ದು .405 ವಿಂಚೆಸ್ಟರ್. ಅದೂ ಇದೇ ಥರ ನಳಿಗೆ ಕೆಳಗೆ ಕೊಳವೆ ಇರುವ ಲಿವರ್ ಕೋವಿನೇ.

ಸ್ಯಾವೇಜ್99
ಒಂದು ತಿದ್ದುಪಡಿ. ಆಂಡರ್ಸನ್ ಕೋವಿ ಮಾಡೆಲ್ 1895. ಅದಕ್ಕೆ ಕೊಳವೆ ಇಲ್ಲ, ಲಿವರ್ ಮುಂದೆ ಕೆಳಗಡೆ ಪೆಟ್ಟಿಗೆ ಇರುತ್ತದೆ. ತೋಟಾ ಒಂದರ ಮೇಲೊಂದು ಕೂರುತ್ತವೆ, ಹಾಗಾಗಿ ಅದಕ್ಕೂ ಚೂಪು ಮೂತಿ ಆಗುತ್ತದೆ. 94, 95 ಎರಡೂ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ತಲೆಯಿಂದ ಬಂದಿದ್ದು. .405 ತೋಟಾ ಬಂದಿದ್ದು 1904ರಲ್ಲಿ. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೋದಾಗ ಜೊತೆಗೆ ಒಯ್ದದ್ದೂ ಇದನ್ನೇ. ಮೊದಲ ಮಹಾಯುದ್ಧದಲ್ಲಿ ರಷ್ಯಾ ತನ್ನ ಸೈನ್ಯದ ತೋಟಾಕ್ಕೆ ಹೊಂದುವ ಹಾಗೆ ಸುಮಾರು 3 ಲಕ್ಷ 1895 ಮಾಡಿಸಿಕೊಂಡಿತು.

ಬೆಂಗಳೂರು_ಕಂಟೋನ್ಮೆಂಟ್
ಸರಿ, ತಿಳಿಯಿತು. ತಿದ್ದಿದ್ದಕ್ಕೆ ಧನ್ಯವಾದ. ಹೈಸ್ಕೂಲಿನಲ್ಲಿ ಅವರ ಬೇಟೆ ಕಥೆ ಕನ್ನಡದಲ್ಲಿ ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ್ದೇನೆ. ಆ ಕೋವಿ ಹೇಗಿತ್ತು ಅಂತ ಇವತ್ತು ಗೊತ್ತಾಯಿತು.

ಮೊಂಟಾನಾ_ಮಲ್ನಾಡ್
.405 ಒಮ್ಮೆ ಹೊಡೆದಿದ್ದೇನೆ. 300 ಗ್ರೇನ್ ತೂಕದ ಗುಂಡು. ಹಿಂದಿನ ಕಬ್ಬಿಣದ ತಗಡು ಚಂದ್ರನ ಹಾಗೆ ಬಾಗಿರುತ್ತದೆ, ಎರಡು ಕೊಂಬೂ ಭುಜಕ್ಕೆ ನಾಟುತ್ತವೆ. ಮೂರು ದಿನ ಕೈ ಎತ್ತಲು ಆಗಲಿಲ್ಲ. ಆಂಡರ್ಸನ್ ಅದನ್ನು ಹಿಡಿದು ರಾತ್ರಿಯಿಡೀ ಮಚಾನಿನ ಮೇಲೆ ಕೂರುತ್ತಿದ್ದರಲ್ಲ, ಅವರ ಮೇಲಿನ ಗೌರವ ಇನ್ನೂ ಜಾಸ್ತಿ ಆಯಿತು.

ಬೆಳವಾಡಿ_ಹುಡುಗಿ
ನನ್ನ ಮಾತು ಇಷ್ಟವಾಗದಿರಬಹುದು. ಯಂತ್ರದ ಚೆಂದ ಅರ್ಥ ಆಗುತ್ತದೆ. ಆದರೆ ಕೊನೆಗೆ ಇದು ಒಂದು ಜೀವ ತೆಗೆಯುವ ವಸ್ತು ಅಲ್ವಾ? ಅಂಗಡಿಯಲ್ಲಿ ಬೇಕಾದಷ್ಟು ಸಿಗುವ ದೇಶದಲ್ಲಿ ಜಿಂಕೆ ಯಾಕೆ ಕೊಲ್ಲಬೇಕು?

ಹಳೇಗುರಿ
ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ತೋಳ ಇಲ್ಲ, ಹುಲಿ ಇಲ್ಲ. ಜಿಂಕೆ ಹೆಚ್ಚಾದರೆ ಕಾಡಿನಲ್ಲಿ ಒಂದು ಓಕ್ ಸಸಿ ಮೇಲೇಳುವುದಿಲ್ಲ, ಎಲ್ಲ ಮೇಯ್ದು ಬಿಡುತ್ತವೆ. ಹೊಲ ಹಾಳು, ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುವುದು ಬೇರೆ. ಪ್ರತಿ ವರ್ಷ ಎಷ್ಟು ಹೊಡೆಯಬಹುದು ಅಂತ ರಾಜ್ಯವೇ ನಿಗದಿ ಮಾಡುತ್ತದೆ. ನನ್ನ ಮನೆಗೆ ಬೇಕಾದ್ದು ಒಂದೇ. ಎರಡನೆಯದಕ್ಕೆ ಅನುಮತಿ ಸಿಕ್ಕ ವರ್ಷ ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್ ಎಂಬ ಸಂಸ್ಥೆಯ ಮೂಲಕ ಮಾಂಸ ಬಡವರಿಗೆ ಕೊಟ್ಟಿದ್ದೇನೆ. ನೀವು ಒಪ್ಪದಿದ್ದರೂ ನನಗೆ ಬೇಸರವಿಲ್ಲ.

ಬೆಳವಾಡಿ_ಹುಡುಗಿ
ನನಗೆ ಈಗಲೂ ಆಗುವುದಿಲ್ಲ. ಆದರೆ ಸಸಿಯ ವಿಷಯ ಗೊತ್ತಿರಲಿಲ್ಲ. ಉತ್ತರಿಸಿದ ರೀತಿಗೆ ಧನ್ಯವಾದ.

ಡಲ್ಲಾಸ್_ದಿನಗಳು
ಈ ಚರ್ಚೆ ಓದಿ ಆಸೆ ಪಟ್ಟು ಅಂಗಡಿಗೆ ಓಡುವ ಹೊಸಬರಿಗೆ ಒಂದು ಮಾತು. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ ಪ್ರಕಾರ ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಗೊತ್ತಿಲ್ಲದೆ ಮಾಡಿದರೂ ದೊಡ್ಡ ಅಪರಾಧ, ವೀಸಾ ಕಳೆದುಕೊಳ್ಳುತ್ತೀರಿ. ವಕೀಲರನ್ನು ಕೇಳದೆ ಮುಟ್ಟಬೇಡಿ.

ಹಾಸನದವನು_ಪೆನ್ಸಿಲ್ವೇನಿಯಾ
ಒಳ್ಳೆಯ ಮಾತು. ನನಗೆ ಗ್ರೀನ್ ಕಾರ್ಡ್ ಬಂದ ಮೇಲೆಯೇ ಅಜ್ಜನ ಜೊತೆ ಶುರು ಮಾಡಿದ್ದು.

ಮಿನೆಸೋಟಾ_ಮಾವ
ಮಾರ್ಲಿನ್ 336 ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! 1948ರಿಂದ ಬಂದ ಕೋವಿ. 94ರಲ್ಲಿ ಖಾಲಿ ತೋಟಾ ಮೇಲಕ್ಕೆ ಹಾರುತ್ತದೆ, ಹಾಗಾಗಿ ಹಳೆಯದರ ಮೇಲೆ ನೇರವಾಗಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರುವುದಿಲ್ಲ. ಮಾರ್ಲಿನ್ ಬದಿಗೆ ಎಸೆಯುತ್ತದೆ, ತಲೆ ಮುಚ್ಚಿದೆ, ಸ್ಕೋಪ್ ಸಲೀಸು. ಕಣ್ಣು ಮಂಜಾದ ನನ್ನಂಥವರಿಗೆ ಅದೇ ದಾರಿ. ನನ್ನದು 2 ಇಂಚು ಹೊಡೆಯುತ್ತದೆ.

ಹಳೇಗುರಿ
ಮಾರ್ಲಿನ್ ಒಳ್ಳೆಯ ಕೋವಿ. ಆದರೆ ದಪ್ಪ. 94 ಸುಮಾರು ಮೂರು ಕೆಜಿ, ಚಪ್ಪಟೆ, ಅಂಗೈಗೆ ಕೂತುಬಿಡುತ್ತದೆ. ಸ್ಕೋಪ್ ಹಾಕಿದರೆ ಹಿಡಿಯುವ ಆ ಜಾಗದ ಸಮತೋಲವೇ ಹೋಗುತ್ತದೆ.

ಮಿನೆಸೋಟಾ_ಮಾವ
ಕಣ್ಣು ಕಾಣದಿದ್ದರೆ ಸಮತೋಲ ಇಟ್ಟುಕೊಂಡು ಏನು ಮಾಡಲಿ? ಅರವತ್ತು ದಾಟಲಿ, ನಿಮಗೂ ಅರ್ಥವಾಗುತ್ತದೆ.

ಲೇಥ್‌ಮೇಷ್ಟ್ರು
ನಡುವಿನ ದಾರಿ ಇದೆ. ಪೀಪ್ ಸೈಟ್. ಹಿಂದೆ ಸಣ್ಣ ತೂತಿನ ಬಿಲ್ಲೆ ಕೂರಿಸುತ್ತಾರೆ. ಮಾಮೂಲಿ ಸೈಟಿನಲ್ಲಿ ಕಣ್ಣು ಮೂರು ಕಡೆ ನೋಡಬೇಕು: ಹಿಂದಿನ ಕಚ್ಚು, ಮುಂದಿನ ಮಣಿ, ಗುರಿ. ತೂತಿನ ಮೂಲಕ ನೋಡಿದರೆ ಕಣ್ಣು ತಾನಾಗಿಯೇ ನಡುವಿಗೆ ಬರುತ್ತದೆ, ನೋಡಬೇಕಾದ್ದು ಎರಡೇ. ಲೈಮನ್, ವಿಲಿಯಮ್ಸ್ ಎರಡೂ ಕಂಪನಿಯವರು ಮಾಡುತ್ತಾರೆ. ನಿಮ್ಮ 94ರ ಬದಿಯಲ್ಲಿ ಎರಡು ಸ್ಕ್ರೂ ತೂತು ಮೊದಲೇ ಇವೆಯಾ ನೋಡಿ. ಇದ್ದರೆ ಡ್ರಿಲ್ ಮಾಡುವುದೇ ಬೇಡ.

ಸ್ಯಾವೇಜ್99
1964ಕ್ಕೆ ಮುಂಚಿನ 94 ಅಂದರೆ ಗುರಿಯೂ ಜಾಸ್ತಿ ಅನ್ನುವ ನಂಬಿಕೆ ಇದೆಯಲ್ಲ, ಅದರ ಬಗ್ಗೆ ಮೇಷ್ಟ್ರ ಅಭಿಪ್ರಾಯ?

ಲೇಥ್‌ಮೇಷ್ಟ್ರು
ಕೆಲಸದ ಅಂದ ಬೇರೆ, ಗುರಿ ಬೇರೆ. 1964ರಲ್ಲಿ ಖರ್ಚು ಇಳಿಸಲು ಮಿಲ್ಲಿಂಗ್ ಮಾಡುತ್ತಿದ್ದ ಕೆಲವು ಭಾಗಗಳನ್ನು ತಗಡಿನಿಂದ ಒತ್ತಿ ಮಾಡಿದರು, ಗಟ್ಟಿ ಪಿನ್ ಬದಲು ಟೊಳ್ಳು ಪಿನ್ ಹಾಕಿದರು. ಲಿವರ್ ಎಳೆದರೆ ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯದರಲ್ಲಿ ಕಬ್ಬಿಣ ಕಬ್ಬಿಣದ ಮೇಲೆ ಎಣ್ಣೆಯಲ್ಲಿ ಜಾರಿದ ಹಾಗೆ, ಹೊಸದರಲ್ಲಿ ಸ್ವಲ್ಪ ಗಲಗಲ. ಕೈಕೆಲಸ ಮಾಡಿದವನಿಗೆ ಅದು ನೋವು ಕೊಡುವ ಬದಲಾವಣೆ, ನನಗೂ ಕೊಟ್ಟಿತು. ಆದರೆ ನಳಿಗೆ ನಳಿಗೆಯೇ. ಅಳಿಯನ 1970ರ ದಶಕದ 94 ಚೆನ್ನಾಗಿಯೇ ಹೊಡೆಯುತ್ತದೆ.

ಅದಕ್ಕಿಂತ ಮುಖ್ಯ ವಿಷಯ ಒಂದಿದೆ, ಹೇಳಲು ಮರೆತೆ. 94ರ ನಳಿಗೆಯನ್ನು ಬಿಚ್ಚದೆ ಹಿಂದಿನಿಂದ ಸ್ವಚ್ಛ ಮಾಡಲು ಆಗುವುದಿಲ್ಲ. ಎಲ್ಲರೂ ನಳಿಗೆಯ ಬಾಯಿಯಿಂದಲೇ ರಾಡ್ ತೂರಿಸುತ್ತಾರೆ. ಎಪ್ಪತ್ತು ವರ್ಷ ರಾಡ್ ಒಂದೇ ಅಂಚಿಗೆ ಉಜ್ಜಿದರೆ ಏನಾಗುತ್ತದೆ? ಗುಂಡು ನಳಿಗೆಯಿಂದ ಕೊನೆಯದಾಗಿ ಬಿಡುವುದು ಆ ಅಂಚನ್ನು. ಅದು ಒಂದು ಕಡೆ ಸವೆದಿದ್ದರೆ ಹಿಂದಿನ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆಗೆ ತಳ್ಳುತ್ತದೆ. ಕೋವಿ ಪೂರ್ತಿ ಖಾಲಿ ಅಂತ ಎರಡು ಸಲ ನೋಡಿಕೊಂಡು, ಕಿವಿ ಸ್ವಚ್ಛ ಮಾಡುವ ಹತ್ತಿ ಕಡ್ಡಿಯನ್ನು ಬಾಯಿಯ ಅಂಚಿನ ಸುತ್ತ ಮೆಲ್ಲಗೆ ತಿರುಗಿಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆಟ್ಟಾಗಿದೆ. ಅಂಚನ್ನು ಹೊಸದಾಗಿ ಕತ್ತರಿಸುವುದು ಗನ್‌ಸ್ಮಿತ್‌ಗೆ (ಕೋವಿ ರಿಪೇರಿ ಮಾಡುವವರಿಗೆ) ಅರ್ಧ ಗಂಟೆಯ ಕೆಲಸ.

ಮಿನೆಸೋಟಾ_ಮಾವ
ಮೇಷ್ಟ್ರೇ, ಇದೊಂದು ಮಾತಿಗೆ ಈ ಚರ್ಚೆ ಸಾರ್ಥಕ.

ಹಳೇ 94 ಹಿಡಿಯುವವರಿಗೆ ನನ್ನದೂ ಒಂದು. ಅದರಲ್ಲಿ ಬೇರೆ ಸೇಫ್ಟಿ ಇಲ್ಲ, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವುದೇ ಸೇಫ್ಟಿ. ಒಂದು ನವೆಂಬರಿನಲ್ಲಿ ಕೊರೆಯುವ ಚಳಿ, ದಪ್ಪ ಗ್ಲೌಸ್. ಜಿಂಕೆ ಬಂದು ಹೋಯಿತು, ಕುದುರೆ ಮೆಲ್ಲಗೆ ಇಳಿಸುತ್ತಿದ್ದೆ. ಹೆಬ್ಬೆರಳು ಜಾರಿತು. ಗುಂಡು ನನ್ನ ಕಾಲಿನಿಂದ ಎರಡು ಅಡಿ ದೂರ ಹಿಮದೊಳಗೆ ಹೋಯಿತು. ಅವತ್ತಿನಿಂದ ಕುದುರೆ ಇಳಿಸುವಾಗ ಗ್ಲೌಸ್ ತೆಗೆಯುತ್ತೇನೆ, ಬಾಯಿ ನೆಲದ ಕಡೆ, ಕಾಲಿನಿಂದ ದೂರ. ಖಾಲಿ ಮಾಡುವಾಗಲೂ ಒಂದೊಂದೇ ತೋಟಾ ಲಿವರ್ ಎಳೆದೇ ತೆಗೆಯಬೇಕು, ಬೆರಳು ಟ್ರಿಗರ್ ಹತ್ತಿರ ಹೋಗಬಾರದು.

ಹಾಸನದವನು_ಪೆನ್ಸಿಲ್ವೇನಿಯಾ
ಅಜ್ಜನೂ ಗ್ಲೌಸ್ ತೆಗೆಯುತ್ತಿದ್ದರು. ಯಾಕೆ ಅಂತ ಕೇಳಿರಲಿಲ್ಲ.

ಕಾಫಿಕಣಿವೆ
ವಿಷಯ ಬಿಟ್ಟು ಒಂದು ಪ್ರಶ್ನೆ. ಜಿಂಕೆ ಮಾಂಸ ಹೇಗೆ ಮಾಡುತ್ತೀರಿ? ಅಮೆರಿಕದವರು ಸುಮ್ನೆ ಸುಟ್ಟು ತಿನ್ನುತ್ತಾರಂತೆ.

ಹಳೇಗುರಿ
ನಮ್ಮ ಮನೆಯವರು ಹುರಿದ ಮೆಣಸು, ಜೀರಿಗೆ, ಕೊತ್ತಂಬರಿ ಹಾಕಿ ನಿಧಾನಕ್ಕೆ ಬೇಯಿಸುತ್ತಾರೆ. ಕೊಬ್ಬು ಕಡಿಮೆ, ಜೋರು ಉರಿ ಕೊಟ್ಟರೆ ಗಟ್ಟಿಯಾಗುತ್ತದೆ. ಊರಿನಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಒಂದು ಚಮಚ ಕೊನೆಗೆ.

ಕಾಫಿಕಣಿವೆ
ಕಾಚಂಪುಳಿ ಕೊನೆಗೇ ಹಾಕಬೇಕು, ಅದು ಸರಿ. ಒಂದು ಚಮಚ ಸಾಲದು!

ಹಾಸನದವನು_ಪೆನ್ಸಿಲ್ವೇನಿಯಾ
ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮೇಷ್ಟ್ರು ಹೇಳಿದ ಹತ್ತಿ ಕಡ್ಡಿ ತಿರುಗಿಸಿದೆ. ಗಡಿಯಾರದ ಏಳರ ಜಾಗದಲ್ಲಿ ಎಳೆ ಸಿಕ್ಕಿಕೊಂಡಿತು, ಪ್ರತಿ ಸಲವೂ ಅಲ್ಲೇ. ಗನ್‌ಸ್ಮಿತ್ ಅಂಚು ಕತ್ತರಿಸಿಕೊಟ್ಟರು. ಮುಂದಿನ ಪಟ್ಟಿಯ ಸ್ಕ್ರೂ ಅರ್ಧ ಸುತ್ತು ಸಡಿಲ ಇತ್ತು. 150 ಗ್ರೇನ್ ಬಿಟ್ಟು 170 ತಂದೆ, ಅಜ್ಜ ಹಾಕುತ್ತಿದ್ದದ್ದೂ ಅದೇ ಅಂತ ಅವರ ಹೆಂಡತಿ ಹೇಳಿದರು.

ಹತ್ತು ನಿಮಿಷ ಬಿಟ್ಟು ಬಿಟ್ಟು ಐದು ಹೊಡೆದೆ: ಎರಡೂಮುಕ್ಕಾಲು ಇಂಚು. ಒಂದರ ಹಿಂದೆ ಒಂದು ಹೊಡೆದರೆ ಈಗಲೂ ಮೇಲಕ್ಕೆ ಹತ್ತುತ್ತವೆ, ನಾಲ್ಕು ಇಂಚು.

ಆಮೇಲೆ ಇನ್ನೊಂದು ಮಾಡಿದೆ. ಕಾಡಿನಲ್ಲಿ ಕೆಲಸಕ್ಕೆ ಬರುವುದು ತಣ್ಣಗಿರುವ ನಳಿಗೆಯ ಮೊದಲ ಗುಂಡು ಮಾತ್ರ ಅಲ್ವಾ. ಹಾಗಾಗಿ ಮೂರು ಬೇರೆ ಬೇರೆ ದಿನ ಬೆಳಗ್ಗೆ ಹೋಗಿ, ಅದೇ ಕಾಗದಕ್ಕೆ ದಿನಕ್ಕೆ ಒಂದೇ ಗುಂಡು ಹೊಡೆದು ಮನೆಗೆ ಬಂದೆ. ಮೂರು ತೂತೂ ಎರಡು ಇಂಚಿನೊಳಗೆ ಇವೆ. ಸಹೋದ್ಯೋಗಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ಒಂದು ಸಲ ನಾನು ಹೊಡೆಯಲಾ?" ಅಂತ ಕೇಳಿದ.

ಮೊಂಟಾನಾ_ಮಲ್ನಾಡ್
ಆಹಾ! ಕೊಟ್ಟಿರಾ?

ಹಾಸನದವನು_ಪೆನ್ಸಿಲ್ವೇನಿಯಾ
ಕೊಟ್ಟೆ. ಲಿವರ್ ಎಳೆದು ಬಿಟ್ಟು, ಎಳೆದು ಬಿಟ್ಟು, ಖಾಲಿ ಕೋವಿಯಲ್ಲೇ ಐದು ನಿಮಿಷ ಕೂತಿದ್ದ.

ಸ್ಯಾವೇಜ್99
ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ನಿಮ್ಮಲ್ಲಿ ಸೀಸನ್ ಶುರು. ಕಿತ್ತಳೆ ಜಾಕೆಟ್, ಟೋಪಿ ಮರೆಯಬೇಡಿ. ಆ ರಾಜ್ಯದಲ್ಲಿ ಜಿಂಕೆಗೆ ಸೆಮಿ ಆಟೋಮ್ಯಾಟಿಕ್ (ಮುಂದಿನ ತೋಟಾ ತಾನೇ ತುಂಬಿಕೊಳ್ಳುವ) ರೈಫಲ್ ಬಿಡುವುದಿಲ್ಲ, ಅದಕ್ಕೇ ಅಲ್ಲಿನ ಅಜ್ಜಂದಿರ ಮನೆಗಳಲ್ಲೆಲ್ಲ ಲಿವರ್, ಪಂಪ್ ಕೋವಿ ತುಂಬಿವೆ.

ಲೇಥ್‌ಮೇಷ್ಟ್ರು
ಬಹಳ ಸಂತೋಷವಾಯಿತು. ಆ ಮೂರು ತೂತಿನ ಕಾಗದ ಎಸೆಯಬೇಡಿ. ಪ್ರತಿ ತೂತಿನ ಪಕ್ಕ ದಿನಾಂಕ, ಅವತ್ತು ಎಷ್ಟು ಚಳಿ ಇತ್ತು, ಎರಡೂ ಬರೆದಿಡಿ.

ಹಾಸನದವನು_ಪೆನ್ಸಿಲ್ವೇನಿಯಾ
ಬರೆದಿದ್ದೇನೆ ಮೇಷ್ಟ್ರೇ. ನಾಳೆ ಬೆಳಗ್ಗೆ ನಾಲ್ಕನೆಯದು.